ಸ್ಟುಟ್‌ಗಾರ್ಟ್ ಮನೆಯಲ್ಲಿ ರೊಟ್ಟಿ ಬಡಿದರೆ ಕೆಳಗಿನ ಮನೆಗೆ ಸದ್ದು – ಏನು ಮಾಡಲಿ, ಹೇಳಿ

ಗುಮ್ಮಟದ ಊರವಳು – ವಿಜಯಪುರ

ಎಲ್ಲರಿಗೂ ನಮಸ್ಕಾರ ರೀ. ತವರು ವಿಜಯಪುರ, ಗಂಡನ ಮನೆ ಬಾಗಲಕೋಟೆ ನವನಗರ. ಹೋದ ಏಪ್ರಿಲ್‌ನಲ್ಲಿ ಮನೆಯವರ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದೆವು. ಮಗನಿಗೆ ಈಗ ಎರಡು ವರ್ಷ ಹತ್ತು ತಿಂಗಳು. ಸಿದ್ಧೇಶ್ವರ ಜಾತ್ರೆಗೆ ಅಂತ ಬಂದಿದ್ದೇನೆ, ಇನ್ನು ಹನ್ನೊಂದು ದಿನಕ್ಕೆ ವಾಪಸ್. ಹೋಗುವುದರೊಳಗೆ ಒಂದು ವಿಷಯಕ್ಕೆ ದಾರಿ ಹುಡುಕಿಕೊಳ್ಳಬೇಕು. ಸಣ್ಣ ವಿಷಯ ಅನ್ನಿಸಬಹುದು. ನನಗೆ ಸಣ್ಣದಲ್ಲ.

ಅಲ್ಲಿ ಖಾಲಿ ಮನೆ ಅಂದರೆ ಪೂರ್ತಿ ಖಾಲಿ. ಬಹಳ ಕಡೆ ಒಲೆ ಇಲ್ಲ, ಕಟ್ಟೆ ಇಲ್ಲ, ಸಿಂಕ್ ಕೂಡ ಇರುವುದಿಲ್ಲ. ಹಿಂದೆ ಇದ್ದವರು ಬಿಚ್ಚಿಕೊಂಡು ಹೋಗಿರುತ್ತಾರೆ. ಗೋಡೆಯಿಂದ ಎರಡು ಪೈಪು ಹೊರಗೆ ಬಂದಿರುತ್ತವೆ, ಅಷ್ಟೇ. ನಾವು ಎರಡೂವರೆ ತಿಂಗಳು ಒಂದು ಕರೆಂಟ್ ಒಲೆ ನೆಲದ ಮೇಲಿಟ್ಟುಕೊಂಡು ಅನ್ನ, ಬ್ಯಾಳಿ ಮಾಡಿಕೊಂಡು ತಿಂದೆವು. ಪಾತ್ರೆ ತೊಳೆಯೋದು ಬಚ್ಚಲಲ್ಲಿ. ಆಗಸ್ಟ್‌ನಲ್ಲಿ ಯಾರೋ ಬಳಸಿದ ಅಡುಗೆಮನೆ ಸೆಟ್ ಕೊಂಡು ಜೋಡಿಸಿದೆವು. ಅವತ್ತು ಸಂಜೆ ಮೊದಲ ಸಲ ಜೋಳದ ರೊಟ್ಟಿ ಬಡಿದೆ.

ಮಗ ಒಳಗಿನ ಕೋಣೆಯಲ್ಲಿ ಆಡುತ್ತಿದ್ದ. ಎರಡನೇ ರೊಟ್ಟಿಗೆ ಓಡಿ ಬಂದು ನನ್ನ ಕಾಲು ಹಿಡಿದುಕೊಂಡ. "ಆಯಿ? ಆಯಿ ಬಂದಳಾ?" ಅಂತ ಕೇಳಿದ. ಅವನ ಆಯಿ, ಅಂದರೆ ನಮ್ಮತ್ತೆ, ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವನು ಮಣೆಯ ಪಕ್ಕದಲ್ಲೇ ಕೂತಿರುತ್ತಿದ್ದ. ಬಿಟ್ಟು ಬಂದು ನಾಲ್ಕು ತಿಂಗಳಾಗಿತ್ತು. ಸದ್ದು ಅವನಿಗೆ ನೆನಪಿತ್ತು. ನಾನು ಒಲೆ ಆರಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಅಲ್ಲಿಂದ ದಿನಾ ಸಂಜೆ ಐದಕ್ಕೆ ರೊಟ್ಟಿ. ಕಿಟಾದಿಂದ ಬಂದವನು ಕುರ್ಚಿ ಎಳೆದುಕೊಂಡು ನಿಂತು ಚಿಕ್ಕ ಉಂಡೆಯನ್ನು ತಾನೂ ಬಡಿಯುತ್ತಾನೆ. ಕಿಟಾ ಅಂದರೆ ಅಲ್ಲಿನ ಶಿಶುವಿಹಾರ. ಆ ಹೊತ್ತಿಗೆ ಮಾತ್ರ ಅವನ ಬಾಯಲ್ಲಿ ಕನ್ನಡ ತಾನಾಗೇ ಬರುತ್ತದೆ. ಹಿಟ್ಟು, ನೀರು, ಬಿಸಿ, ಉಬ್ಬಿತು, ಸುಟ್ಟಿತು.

ನವೆಂಬರ್‌ನಲ್ಲಿ ಬಾಗಿಲಿಗೆ ಒಂದು ಚೀಟಿ. ಕೆಳಗಿನ ಮನೆಯವರದ್ದು. ಬಹಳ ಮರ್ಯಾದೆಯಿಂದ ಬರೆದಿದ್ದರು. ದಿನಾ ಸಂಜೆ ಬಡಿಯುವ ಸದ್ದು ಬರುತ್ತಿದೆ, ನಿಮ್ಮ ರಿಪೇರಿ ಕೆಲಸ ಯಾವಾಗ ಮುಗಿಯುತ್ತದೆ ಅಂತ. ಓದಿ ನನ್ನ ಎದೆ ಧಸಕ್ ಅಂತು. ಅವತ್ತಿನಿಂದ ರೊಟ್ಟಿ ನಿಲ್ಲಿಸಿದೆ. ಮನೆಯವರು ಚಪಾತಿ ಮಾಡು ಸಾಕು ಅಂದರು. ಮಗ ಮೊದಲ ವಾರ ದಿನಾ ಕುರ್ಚಿ ಎಳೆದು ತಂದ. ಆಮೇಲೆ ತರುವುದು ಬಿಟ್ಟ.

ಜಗಳ ನನಗೆ ಬೇಡ. ಆ ಅಜ್ಜ-ಅಜ್ಜಿ ಒಳ್ಳೆಯವರು. ಸದ್ದು ಕಡಿಮೆ ಮಾಡುವ ದಾರಿ ಇದ್ದರೆ ಹೇಳಿ.

ಉದ್ಯಮಬಾಗ – ಬೆಳಗಾವಿ

ತಂಗಿ, ನಾನು ಸ್ಟುಟ್‌ಗಾರ್ಟ್ ಹತ್ತಿರವೇ ಏಳು ವರ್ಷ ಇದ್ದು ಬಂದವನು. ಈಗ ಬೆಳಗಾವಿಯಲ್ಲಿ ಫೌಂಡ್ರಿ ಕೆಲಸ.

ಮೊದಲು ಧೈರ್ಯಕ್ಕೆ ಒಂದು ಮಾತು. ಸಂಜೆ ಐದಕ್ಕೆ ರೊಟ್ಟಿ ಬಡಿಯುವುದು ತಪ್ಪಲ್ಲ. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು, ಭಾನುವಾರ ಇಡೀ ದಿನ ಶಾಂತವಾಗಿರಬೇಕು. ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿ ಡಬ್ಬಿಗೆ ಹಾಕುವಂತಿಲ್ಲ. ಕೆಲವು ಕಟ್ಟಡಗಳಲ್ಲಿ ಮಧ್ಯಾಹ್ನ ಒಂದರಿಂದ ಮೂರು ಕೂಡ ಶಾಂತಿ ಸಮಯ ಅಂತ ಮನೆ ನಿಯಮದಲ್ಲಿ ಬರೆದಿರುತ್ತಾರೆ. ನಿಮ್ಮದರಲ್ಲಿ ಏನಿದೆ ನೋಡಿಕೊಳ್ಳಿ. ಆದರೆ ನಿಯಮ ನಮ್ಮ ಕಡೆ ಇದೆ ಅಂತ ಸುಮ್ಮನಿರಬೇಡಿ. ಸದ್ದು ಯಾಕೆ ಕೆಳಗೆ ಹೋಗುತ್ತಿದೆ ಅನ್ನೋದು ತಿಳಿದರೆ ಪರಿಹಾರ ಸುಲಭ.

ನಿಮ್ಮ ಮಣೆ ಎಲ್ಲಿದೆ? ಅಡುಗೆ ಕಟ್ಟೆಯ ಮೇಲೆ ಅಂತ ನನ್ನ ಅಂದಾಜು. ಕಟ್ಟೆ ಗೋಡೆಗೆ ಅಂಟಿಕೊಂಡಿದೆ. ನೀವು ಬಡಿದ ಏಟು ಮಣೆಯಿಂದ ಕಟ್ಟೆಗೆ, ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಕೆಳಗಿನ ಮನೆಯ ಗೋಡೆಗೆ ಹೋಗುತ್ತದೆ. ನಿಮಗೆ ಕೇಳುವುದು ಪಟ ಪಟ. ಅವರಿಗೆ ಕೇಳುವುದು ಗುದ್ದಿದ ಹಾಗೆ, ದಪ್ಪ ಸದ್ದು. ಅದಕ್ಕೇ ರಿಪೇರಿ ಅಂದುಕೊಂಡಿದ್ದಾರೆ.

ನಮ್ಮ ಕಾರ್ಖಾನೆಯಲ್ಲಿ ಪ್ರೆಸ್ ಮಶೀನು ಕೂರಿಸುವಾಗ ಅಡಿಗೆ ದಪ್ಪ ರಬ್ಬರ್ ಹಾಕುತ್ತೇವೆ. ಇಲ್ಲದಿದ್ದರೆ ಪಕ್ಕದ ಶೆಡ್ಡಿನ ಗಾಜು ಅದುರುತ್ತದೆ. ನೀವೂ ಅದೇ ಮಾಡಿ. ಮಣೆಯನ್ನು ಕಟ್ಟೆಯಿಂದ ಕೆಳಗಿಳಿಸಿ. ಗೋಡೆಗೆ ತಾಗದ ಗಟ್ಟಿ ಮೇಜಿನ ಮೇಲಿಡಿ. ಮೇಜಿನ ನಾಲ್ಕೂ ಕಾಲಿಗೆ ವಾಷಿಂಗ್ ಮಶೀನಿನ ಕೆಳಗೆ ಇಡುವ ರಬ್ಬರ್ ಬಿಲ್ಲೆ ಹಾಕಿ. ಅಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಮಣೆಯ ಕೆಳಗೂ ಮೆತ್ತಗಿನದ್ದು ಏನಾದರೂ ಇರಲಿ.

ಇಳಕಲ್ ಸೆರಗು – ಇಳಕಲ್

ಮೆತ್ತಗಿನದ್ದು ಅಂದರೆ ಕೌದಿ! ನಾಲ್ಕು ಮಡಿಕೆ ಹಾಕಿ ಅದರ ಮೇಲೆ ಮಣೆ ಇಟ್ಟು ನೋಡವಾ. ಹಿಂದೆ ನಮ್ಮ ಮಾಳಿಗೆ ಮನೆಯಲ್ಲಿ ಬಾಣಂತಿ, ಕೂಸು ಮಲಗಿದ್ದಾಗ ನಮ್ಮವ್ವ ಹೀಗೇ ಮಾಡುತ್ತಿದ್ದಳು. ಕೂಸು ಏಳುತ್ತಿರಲಿಲ್ಲ.

ಗುಮ್ಮಟದ ಊರವಳು

ಅಣ್ಣಾವ್ರೇ, ಹೌದು, ಕಟ್ಟೆಯ ಮೇಲೇ ಬಡಿಯುತ್ತಿದ್ದೆ. ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಕಟ್ಟೆ ಅದು. ಈಗ ಅರ್ಥವಾಯಿತು.

ಅತ್ತೀ, ಕೌದಿ ನನ್ನ ಹತ್ತಿರ ಇದೆ. ಅತ್ತೆಯವರು ತಮ್ಮ ಹಳೇ ಇಳಕಲ್ ಸೀರೆಗಳನ್ನು ಸೇರಿಸಿ ಮೊಮ್ಮಗನಿಗೆ ಹೊಲಿದದ್ದು. ಅದನ್ನು ಅಡುಗೆಮನೆಗೆ ಹಾಕುವುದಕ್ಕೆ ಮನಸ್ಸು ಬರುತ್ತಿಲ್ಲ. ಇಲ್ಲೇ ಬಜಾರಿನಲ್ಲಿ ಒಂದು ಸಾದಾ ಕೌದಿ ನೋಡುತ್ತೇನೆ.

ಜಮಖಂಡಿ ಕಬ್ಬು – ಜಮಖಂಡಿ

ಬಡಿಯಲೇಬೇಕು ಅಂತ ಯಾಕೆ? ನಮ್ಮ ಮನೆಯಲ್ಲಿ ಈಗ ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಸದ್ದಿಲ್ಲ, ಬೇಗನೂ ಆಗುತ್ತದೆ. ಪರದೇಶಕ್ಕೆ ಹೋದ ಮೇಲೆ ಅಲ್ಲಿನವರಿಗೆ ಹೊಂದಿಕೊಂಡು ಹೋಗಬೇಕು.

ಇಳಕಲ್ ಸೆರಗು

ಲಟ್ಟಿಸಿದ ರೊಟ್ಟಿಗೂ ಬಡಿದ ರೊಟ್ಟಿಗೂ ವ್ಯತ್ಯಾಸ ತಿಂದವರಿಗೆ ಗೊತ್ತು ತಮ್ಮಾ. ಅದೂ ಅಲ್ಲದೆ ಆ ಹುಡುಗಿ ರೊಟ್ಟಿಗಾಗಿ ಮಾತ್ರ ಕೇಳುತ್ತಿಲ್ಲ. ಕೂಸು ಸದ್ದು ಕೇಳಿ ಆಯಿಯನ್ನು ನೆನೆಸಿಕೊಂಡಿತು ಅಂತ ಬರೆದಿದ್ದಾಳೆ. ಅದನ್ನು ಓದಿ.

ಜಮಖಂಡಿ ಕಬ್ಬು

ಓದಿದೆ ಅತ್ತೀ. ನನ್ನದೇ ತಪ್ಪು. ನನ್ನ ಮಗಳು ಪುಣೆಯಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಫೋನಿನಲ್ಲಿ ಹಿಂದೆ ಕುಕ್ಕರ್ ಸೀಟಿ ಕೇಳಿದರೆ ಸಾಕು, ಅವ್ವ ಏನು ಅಡುಗೆ ಮಾಡ್ತಿದ್ದಾಳೆ ಅಂತ ಕೇಳುತ್ತಾಳೆ.

ರೊಟ್ಟಿ ಕೇಂದ್ರ – ಬಾಗಲಕೋಟೆ

ನಾವು ಆರು ಮಂದಿ ಸೇರಿ ಕಡಕ್ ರೊಟ್ಟಿ ಮಾಡಿ ಮಾರುತ್ತೇವೆ. ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಕೈ. ಒಂದು ಮಾತು ಕೇಳುತ್ತೇನೆ ಅಕ್ಕಾ, ಅಲ್ಲಿ ಯಾವ ಹಿಟ್ಟು ಬಳಸುತ್ತಿದ್ದೀರಿ? ಯಾಕೆಂದರೆ ಹಳೇ ಹಿಟ್ಟಿಗೆ ಜಿಗುಟು ಇರುವುದಿಲ್ಲ. ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ಹರಿಯಿತು ಅಂತ ನಾವು ಮತ್ತೆ ಕೂಡಿಸಿ ಮತ್ತೆ ಬಡಿಯುತ್ತೇವೆ. ಒಂದು ರೊಟ್ಟಿಗೆ ಎರಡು ರೊಟ್ಟಿಯ ಸದ್ದು.

ಗೋಧಿಯಲ್ಲಿ ಇರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಎಸರಿನ ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗುತ್ತದೆ, ರೊಟ್ಟಿ ಹಿಡಿದು ನಿಲ್ಲುವುದು ಅದರಿಂದಲೇ. ಅದಕ್ಕೆ ನೀರು ಬಿಸಿ ಇದ್ದರೆ ಸಾಲದು, ಮರಳುತ್ತಿರಬೇಕು. ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಹೊಯ್ದು, ಸೌಟಿನಿಂದ ಕಲಸಿ, ಮುಚ್ಚಿ ಐದು ನಿಮಿಷ ಬಿಡಿ. ಆಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ. ಚೆನ್ನಾಗಿ ನಾದಿದ ಹಿಟ್ಟನ್ನು ಬೆರಳಿಂದ ಒತ್ತಿದರೆ ಅಂಚು ಒಡೆಯುವುದಿಲ್ಲ. ಅಂಥ ಉಂಡೆಗೆ ಜೋರಾಗಿ ಬಡಿಯುವುದೇ ಬೇಡ. ಕೈ ಮಣೆಯಿಂದ ಜಾಸ್ತಿ ಮೇಲೆ ಏಳಬಾರದು. ಬೆರಳು ಮುಂದೆ ತಳ್ಳುತ್ತಾ ರೊಟ್ಟಿ ತಿರುಗುತ್ತಾ ಹೋಗಬೇಕು. ಹೊಸದಾಗಿ ಕಲಿತವರು ಬಡಿತ ಜಾಸ್ತಿ ಮಾಡುತ್ತಾರೆ, ಪಳಗಿದವರ ಕೈ ಸದ್ದು ಕಡಿಮೆ.

ಗುಮ್ಮಟದ ಊರವಳು

ಅಕ್ಕಾ, ನೀವು ಎದುರಿಗೆ ಕೂತು ನೋಡಿದ ಹಾಗೆ ಹೇಳಿದ್ದೀರಿ. ಪ್ರತಿ ರೊಟ್ಟಿಯ ಅಂಚೂ ಹರಿಯುತ್ತಿತ್ತು. ಮೊದಲ ಸಲ ಹಿಟ್ಟು ತರುವಾಗಲೇ ಮೋಸ ಹೋಗಿದ್ದೆ. ಅಲ್ಲಿನ ಅಂಗಡಿಯಲ್ಲಿ 'ಹಿರ್ಸೆ' ಅಂತ ಬರೆದ ಪ್ಯಾಕೆಟ್ ಜೋಳದ್ದೇ ಅಂದುಕೊಂಡು ತಂದೆ. ಅದು ಬರಗಿನ ಹಿಟ್ಟು. ಹಂಚಿನ ಮೇಲೆ ಹಾಕುವ ಮೊದಲೇ ಚೂರಾಯಿತು. ಆಮೇಲೆ ನಮ್ಮ ಕಡೆಯ ಸಾಮಾನು ಮಾರುವ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಅದೂ ಹಡಗಿನಲ್ಲಿ ಬಂದು, ಗೋಡೌನಿನಲ್ಲಿ ಕೂತು, ಬೀಸಿ ಎಷ್ಟೋ ತಿಂಗಳಾದದ್ದು.

ರೊಟ್ಟಿ ಕೇಂದ್ರ

ಹಾಗಾದರೆ ಊರಿಂದಲೇ ಒಯ್ಯಿರಿ. ಹಿಂಗಾರಿ ಜೋಳ, ಮಾಲದಂಡಿ ತಳಿ ಕೇಳಿ. ನಿಮ್ಮ ಕರಿ ಮಣ್ಣಿನ ಸೀಮೆಯದ್ದೇ ಸಿಗುತ್ತದೆ. ಹೊರಡುವ ಹಿಂದಿನ ದಿನ ಗಿರಣಿಯಲ್ಲಿ ಬೀಸಿಸಿ. ಬಿಸಿ ಹಿಟ್ಟನ್ನು ಹಾಗೇ ಕಟ್ಟಬೇಡಿ, ಬಟ್ಟೆ ಮೇಲೆ ಹರವಿ ಪೂರ್ತಿ ಆರಿಸಿ. ಅಲ್ಲಿ ಹೋದ ಮೇಲೆ ಒಂದೊಂದು ಕಿಲೋ ಮಾಡಿ ಫ್ರೀಜರಿನಲ್ಲಿಡಿ. ಕಹಿಯಾಗುವುದಿಲ್ಲ.

ಗೋಕಾಕದ ಹುಡುಗ – ಗೋಕಾಕ

ಅಕ್ಕಾವ್ರೇ, ಮಧ್ಯೆ ಬಂದೆ, ಬೇಜಾರಾಗಬೇಡಿ. ಮಾರ್ಚ್‌ನಲ್ಲಿ ನಾನು, ಹೆಂಡತಿ, ಹದಿನಾಲ್ಕು ತಿಂಗಳ ಮಗಳು ಅದೇ ಕಡೆ ಹೋಗುತ್ತಿದ್ದೇವೆ. ಆಫೀಸಿನವರು ಕಾಗದ ಪತ್ರ ನೋಡಿಕೊಳ್ಳುತ್ತಾರೆ. ಮನೆ ಒಳಗಿನ ವಿಷಯ ಯಾರೂ ಹೇಳುತ್ತಿಲ್ಲ. ಅವ್ವ ಕುಂದಾ, ತುಪ್ಪ ಎಲ್ಲ ಕಟ್ಟುತ್ತಿದ್ದಾಳೆ.

ಉದ್ಯಮಬಾಗ

ಕುಂದಾ, ತುಪ್ಪ, ಪೇಡೆ ಯಾವುದೂ ಬೇಡ ತಮ್ಮಾ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಕಸ್ಟಮ್ಸ್‌ನಲ್ಲಿ ಹಿಡಿದರೆ ಕಸದ ಡಬ್ಬಿಗೆ ಹೋಗುತ್ತದೆ. ಹಸಿ ಕರಿಬೇವು, ಹಸಿ ತರಕಾರಿಯೂ ಬೇಡ, ಅದಕ್ಕೆ ಸಸ್ಯ ತಪಾಸಣೆಯ ಪ್ರಮಾಣಪತ್ರ ಕೇಳುತ್ತಾರೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ ಕಟ್ಟಿಸಿಕೊಳ್ಳಿ.

ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು. ಆ ನೋಂದಣಿ ಆಗದೆ ಮುಂದಿನ ಯಾವುದೂ ಸುಲಭವಲ್ಲ, ಬ್ಯಾಂಕ್ ಖಾತೆಯಾಗಲಿ, ತೆರಿಗೆ ನಂಬರಾಗಲಿ. ಮಕ್ಕಳ ಭತ್ಯೆಯೂ ಇದೆ, 2025ರಲ್ಲಿ ಒಂದು ಮಗುವಿಗೆ ತಿಂಗಳಿಗೆ 255 ಯೂರೋ. ಅರ್ಜಿ ತಡ ಮಾಡಬೇಡಿ, ಹಿಂದಿನ ಆರು ತಿಂಗಳಿಗಿಂತ ಜಾಸ್ತಿ ಬಾಕಿ ಕೊಡುವುದಿಲ್ಲ. ಮನೆಗೊಂದರಂತೆ ಟಿವಿ-ರೇಡಿಯೋ ಶುಲ್ಕದ ಪತ್ರವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ನಾನು ಅದನ್ನು ಯಾವುದೋ ಜಾಹೀರಾತು ಅಂತ ಎಸೆದಿದ್ದೆ, ಆಮೇಲೆ ದಂಡ ಸೇರಿಸಿ ಕಟ್ಟಿದೆ.

ಗುಮ್ಮಟದ ಊರವಳು

ಗೋಕಾಕದ ತಮ್ಮಾ, ಎರಡು ವಿಷಯ ನಾನು ಹೇಳಲೇಬೇಕು.

ಒಂದು, ಮಗಳ ಲಸಿಕೆ ಕಾರ್ಡು. ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಬ್ಯಾಗಿಗೆ ಹಾಕಬೇಡಿ. ಅಲ್ಲಿ 2020ರ ಮಾರ್ಚ್‌ನಿಂದ ದಡಾರ ಲಸಿಕೆ ಆಗಿರುವ ದಾಖಲೆ ಇಲ್ಲದೆ ಕಿಟಾಕ್ಕೆ ಸೇರಿಸಿಕೊಳ್ಳುವುದಿಲ್ಲ. ಒಂದು ವರ್ಷದ ಮಗುವಿಗೆ ಒಂದು ಡೋಸ್ ಆಗಿರಬೇಕು, ಎರಡು ತುಂಬಿದ ಮೇಲೆ ಎರಡು. ನಮ್ಮ ಕಾರ್ಡಿನಲ್ಲಿ ಆರೋಗ್ಯ ಕೇಂದ್ರದವರು ಪೆನ್ನಿನಿಂದ ಬರೆದ ತಾರೀಕು ಅಳಿಸಿಹೋಗಿತ್ತು. ಅದನ್ನು ಸರಿ ಮಾಡಿಸಿಕೊಳ್ಳಲು ಮಾವನವರು ಎರಡು ಸಲ ಓಡಾಡಿದರು. ನೀವು ಇಲ್ಲಿರುವಾಗಲೇ ಹೊಸದಾಗಿ ಬರೆಸಿ ಸೀಲ್ ಹಾಕಿಸಿಕೊಳ್ಳಿ.

ಎರಡು, ಕಿಟಕಿ. ಇದು ತಮಾಷೆ ಮಾತಲ್ಲ. ಚಳಿಗೆ ಹೆದರಿ ನಾವು ಅಕ್ಟೋಬರ್‌ನಿಂದ ಎಲ್ಲ ಮುಚ್ಚಿ ಕೂತೆವು. ಬಟ್ಟೆ ಒಳಗೇ ಒಣಗಿಸಿದೆವು. ಡಿಸೆಂಬರ್ ಮೊದಲ ವಾರ ಮಗನ ಮಂಚ ಸರಿಸಿ ಕಸ ಹೊಡೆಯುವಾಗ ಗೋಡೆಯ ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕರಿ ಚುಕ್ಕೆ ಕಂಡಿತು. ಒರೆಸಿದರೆ ಬೆರಳಿಗೆ ಹತ್ತಿತು. ಬೂಸಲು. ಮಗನಿಗೆ ಎರಡು ವಾರದಿಂದ ಕೆಮ್ಮು ಇತ್ತು. ಅದು ಬೂಸಲಿನಿಂದಲೋ ಕಿಟಾದ ನೆಗಡಿಯೋ ನನಗೆ ಗೊತ್ತಿಲ್ಲ, ಆದರೆ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ದಿನಕ್ಕೆ ಮೂರು-ನಾಲ್ಕು ಸಲ ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಬೇಕು. ಸ್ವಲ್ಪ ಓರೆ ತೆರೆದಿಟ್ಟರೆ ಪ್ರಯೋಜನವಿಲ್ಲ, ಗೋಡೆ ತಣ್ಣಗಾಗುತ್ತದೆ, ತೇವ ಮಾತ್ರ ಹೋಗುವುದಿಲ್ಲ. ಅಡುಗೆ, ಸ್ನಾನ ಆದ ಕೂಡಲೇ ತೆರೆಯಬೇಕು. ಮಂಚ, ಕಪಾಟು ಹೊರಗೋಡೆಗೆ ಅಂಟಿಸಬೇಡಿ, ಒಂದು ಗೇಣು ಬಿಡಿ. ವಿಜಯಪುರದಲ್ಲಿ ನಾವು ಬಿಸಿಲಿಗೆ, ಧೂಳಿಗೆ ಕಿಟಕಿ ಮುಚ್ಚಿ ಬೆಳೆದವರು. ಹಳೇ ಮನೆಗಳಲ್ಲಿ ಬೆಳಕಿಂಡಿ ಇತ್ತು, ಹೊಗೆ, ಹಬೆ ತಾನೇ ಮೇಲೆ ಹೋಗುತ್ತಿತ್ತು. ಅಲ್ಲಿ ಆ ಕೆಲಸ ನಾವೇ ಮಾಡಬೇಕು.

ಉಳಿದಂತೆ ಹೆದರಬೇಡಿ. ಮೆಟ್ಟಿಲು ಗುಡಿಸುವ ಸರದಿ ವಾರಕ್ಕೊಬ್ಬರಂತೆ ಬರುತ್ತದೆ, ಬಾಗಿಲಿಗೆ ಬೋರ್ಡು ತೂಗುಹಾಕಿ ಹೋಗುತ್ತಾರೆ. ದಿನಾ ಬಾಗಿಲು ಗುಡಿಸಿ ನೀರು ಹಾಕುವ ನಮಗೆ ಅದು ಕಷ್ಟವಾ?

ಗೋಕಾಕದ ಹುಡುಗ

ಅಕ್ಕಾವ್ರೇ, ಬಹಳ ಉಪಕಾರವಾಯಿತು. ನಾಳೆಯೇ ಲಸಿಕೆ ಕಾರ್ಡು ಬರೆಸುತ್ತೇನೆ. ಇನ್ನೊಂದು ಕೇಳಲಾ? ಮನೆಯಲ್ಲಿ ಮಗಳ ಜೊತೆ ಜರ್ಮನ್ ಮಾತಾಡಬೇಕಾ? ನಮಗೇ ಸರಿಯಾಗಿ ಬರಲ್ಲ. ಅವಳು ಹಿಂದೆ ಬೀಳುತ್ತಾಳೋ ಅಂತ ಹೆಂಡತಿಗೆ ಚಿಂತೆ.

ಗಡಿ ಶಾಲೆ ಟೀಚರ್ – ನಿಪ್ಪಾಣಿ

ಈ ಪ್ರಶ್ನೆಗೆ ನಾನು ಉತ್ತರ ಕೊಡಬಹುದಾ? ನಮ್ಮ ತರಗತಿಯಲ್ಲಿ ದಿನಾ ನೋಡುವ ವಿಷಯ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಕೇಳಿ ಬೆಳೆದ ಮಕ್ಕಳು. ವಿಜಯಪುರದ ಕಡೆ ಹೋದರೆ ಓಣಿಯಲ್ಲಿ ಉರ್ದು ಕೂಡ. ಯಾವ ತಾಯಿಯೂ ಅದಕ್ಕೆ ತರಬೇತಿ ತೆಗೆದುಕೊಂಡಿಲ್ಲ. ಯಾರ ಜೊತೆ ಯಾವ ಮಾತು ಅಂತ ಮಗುವಿಗೆ ತಾನೇ ತಿಳಿಯುತ್ತದೆ. ಶುರುವಿನಲ್ಲಿ ಒಂದೇ ವಾಕ್ಯದಲ್ಲಿ ಎರಡು ಮಾತು ಬೆರೆಸುತ್ತವೆ. ಅದು ತಪ್ಪಲ್ಲ.

ಜರ್ಮನ್ ಕಿಟಾದಲ್ಲಿ ಬರುತ್ತದೆ. ಕನ್ನಡ ಅಲ್ಲಿ ನಿಮ್ಮನ್ನು ಬಿಟ್ಟರೆ ಯಾರಿಂದಲೂ ಬರುವುದಿಲ್ಲ. ಅರ್ಧಂಬರ್ಧ ಜರ್ಮನ್‌ನಲ್ಲಿ ಮಗುವಿನ ಜೊತೆ ಮಾತಾಡಿದರೆ ಮಾತು ಕಡಿಮೆ ಆಗುತ್ತದೆ, ಅದೇ ದೊಡ್ಡ ನಷ್ಟ. ಕೂತು ಕಲಿಸಬೇಡಿ. ಕೆಲಸ ಮಾಡುತ್ತಾ ಮಾತಾಡಿ. ವಿಜಯಪುರದ ಅಕ್ಕಾವ್ರ ಮಗ ರೊಟ್ಟಿ ಮಣೆಯ ಹತ್ತಿರ ಕನ್ನಡ ಮಾತಾಡುತ್ತಾನೆ ಅಂದರಲ್ಲಾ, ಅದಕ್ಕಿಂತ ಒಳ್ಳೆಯ ಪಾಠ ನಾನು ಶಾಲೆಯಲ್ಲಿ ಮಾಡಲಾರೆ. ಅದನ್ನು ನಿಲ್ಲಿಸಬೇಡಿ ಅಕ್ಕಾ.

ಗುಮ್ಮಟದ ಊರವಳು

ಟೀಚರ್, ನಿಮ್ಮ ಮಾತು ಮನೆಯವರಿಗೂ ಓದಿ ಹೇಳಿದೆ. ಇಲ್ಲಿ ವಿಜಯಪುರಕ್ಕೆ ಬಂದು ಎರಡು ವಾರಕ್ಕೆ ಮಗನ ಬಾಯಿ ಬಿಟ್ಟಿದೆ. ನಿನ್ನೆ ಅಪ್ಪಾಜಿ ಹೊಲದಿಂದ ಸೀತನಿ ತಂದಿದ್ದರು. ಎಳೇ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಬಡಿದು ಕಾಳು ಉದುರಿಸಿ, ಮೊರದಲ್ಲಿ ಕೇರಿ ಕೊಟ್ಟರು. ಹಸಿರು ಕಾಳು, ಮುತ್ತಿನ ಹಾಗೆ. ಬೆಲ್ಲದ ಚೂರು ಸೇರಿಸಿ ತಿಂದ. ಕೈಯಲ್ಲಿ ಹಿಡಿದುಕೊಂಡು "ಇದು ರೊಟ್ಟಿ ಮರಿ" ಅಂದ. ಅಪ್ಪಾಜಿ ಇಡೀ ಓಣಿಗೆ ಹೇಳಿಕೊಂಡು ಬಂದಿದ್ದಾರೆ.

ಇವತ್ತು ಗಿರಣಿಗೆ ಹೋಗಿದ್ದೆ. ಆರು ಕಿಲೋ ಮಾಲದಂಡಿ ಬೀಸಿಸಲು ಮಾತಾಡಿ ಬಂದೆ. ಹಂಚು ಹುಡುಕುವುದು ಕಷ್ಟವಾಯಿತು. ಅಂಗಡಿಯಲ್ಲಿ ಇದ್ದವೆಲ್ಲ ನಡುವೆ ತಗ್ಗಿದವು. ನನ್ನದು ಗಾಜಿನ ಮೇಲ್ಮೈಯ ಇಂಡಕ್ಷನ್ ಒಲೆ, ಅದರ ಮೇಲೆ ಅಂಥ ಹಂಚು ಅಲುಗಾಡುತ್ತದೆ, ಬಿಸಿಯೂ ಹತ್ತುವುದಿಲ್ಲ. ತಳ ಪೂರ್ತಿ ಚಪ್ಪಟೆ ಇರುವ ಬೀಡಿನ ಹಂಚು ಮೂರನೇ ಅಂಗಡಿಯಲ್ಲಿ ಸಿಕ್ಕಿತು.

ರೊಟ್ಟಿ ಕೇಂದ್ರ

ಬೀಡಿನ ಹಂಚು ತಡವಾಗಿ ಕಾಯುತ್ತದೆ, ಕಾದ ಮೇಲೆ ಬಿಸಿ ಬಿಡುವುದಿಲ್ಲ. ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಕಾಯಿಸಿ. ಒಮ್ಮೆಲೇ ಜೋರು ಬಿಸಿ ಕೊಟ್ಟರೆ ಬಿರುಕು ಬಿಡಬಹುದು. ರೊಟ್ಟಿ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ಸವರಿ, ನೀರು ಆರುವ ಹೊತ್ತಿಗೆ ತಿರುವಿ. ಬೆಂಕಿ ಇಲ್ಲದ ಒಲೆಯಲ್ಲಿ ಉಬ್ಬಿಸಲು ಒಣ ಬಟ್ಟೆ ಮುದ್ದೆ ಮಾಡಿ ಅಂಚನ್ನು ಒತ್ತುತ್ತಾ ತಿರುಗಿಸಿ.

ಬಾದಾಮಿ ಬಂಡೆ – ಬಾದಾಮಿ

ಅಡುಗೆ ಹೊಗೆಗೆ ಅಲ್ಲಿ ಅಲಾರಂ ಕೂಗುತ್ತದಂತೆ, ಹೌದಾ? ನಮ್ಮ ಅಣ್ಣನ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದಾಗ ಇಡೀ ಮಹಡಿಯವರು ಹೊರಗೆ ಬಂದರಂತೆ.

ಉದ್ಯಮಬಾಗ

ಹೌದು. ಮಲಗುವ ಕೋಣೆ, ಮಕ್ಕಳ ಕೋಣೆ, ಹೊರಗೆ ಹೋಗುವ ದಾರಿ, ಇಷ್ಟು ಕಡೆ ಹೊಗೆ ಅಲಾರಂ ಇರಲೇಬೇಕು ಅಂತ ಕಾನೂನು. ಅದನ್ನು ಬಿಚ್ಚಿ ಇಡಬೇಡಿ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆದು ಹುರಿಯಿರಿ.

ಇಳಕಲ್ ಸೆರಗು

ಅತ್ತೆಯವರನ್ನು ಒಮ್ಮೆ ಕರೆಸಿಕೊಳ್ಳವಾ.

ಗುಮ್ಮಟದ ಊರವಳು

ಮೇ ತಿಂಗಳಿಗೆ ಅಂತ ಯೋಚನೆ ಅತ್ತೀ. ಆಗ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲು, ವಯಸ್ಸಾದವರಿಗೆ ಬಹಳ ಬೇಸರ. ಪ್ರವಾಸಿ ವೀಸಾದಲ್ಲಿ ತೊಂಬತ್ತು ದಿನ ಇರಬಹುದು. 30,000 ಯೂರೋ ರಕ್ಷಣೆಯ ಆರೋಗ್ಯ ವಿಮೆ ಬೇಕು, ಅದು ಇಲ್ಲೇ ಮಾಡಿಸಬಹುದು. ಬೆಂಗಳೂರಿಗೆ ಒಮ್ಮೆ ಹೋಗಿ ಬೆರಳಚ್ಚು ಕೊಡಬೇಕು. ಅತ್ತೆ ರೈಲಿನಲ್ಲೇ ಹೋಗುತ್ತೇನೆ ಅಂತಿದ್ದಾರೆ.

*ಐದು ವಾರದ ನಂತರ*

ಗುಮ್ಮಟದ ಊರವಳು – ಸ್ಟುಟ್‌ಗಾರ್ಟ್

ಹೋದ ಮೇಲೆ ಬರೆಯುತ್ತೇನೆ ಅಂದಿದ್ದೆ, ತಡವಾಯಿತು. ಮೊದಲು ಕೆಳಗಿನ ಮನೆಗೆ ನಾನೇ ಹೋದೆ. ನನ್ನ ಜರ್ಮನ್ ಸಾಲುವುದಿಲ್ಲ ಅಂತ ಫೋನಿನಲ್ಲಿ ರೊಟ್ಟಿ ಬಡಿಯುವ ವಿಡಿಯೋ ತೋರಿಸಿದೆ. ಅಜ್ಜಿ ಎರಡು ಸಲ ನೋಡಿದರು. ರಿಪೇರಿ ಅಲ್ಲ, ಊಟ ಅಂತ ಅರ್ಥವಾಯಿತು. ನಾನು ಮೇಲೆ ಹೋಗಿ ಎರಡು ರೀತಿ ಬಡಿಯುತ್ತೇನೆ, ಯಾವುದು ಕೇಳುತ್ತದೆ ಹೇಳಿ ಅಂದೆ. ಅಜ್ಜ ತಮ್ಮ ಅಡುಗೆಮನೆಯಲ್ಲಿ ಕಿವಿಗೊಟ್ಟು ಕೂತರು.

ಕಟ್ಟೆಯ ಮೇಲೆ ಬಡಿದದ್ದು ಸ್ಪಷ್ಟವಾಗಿ ಕೇಳಿತಂತೆ. ಮೇಜಿನ ಮೇಲೆ, ಕಾಲಿಗೆ ರಬ್ಬರ್ ಬಿಲ್ಲೆ, ಮಣೆ ಕೆಳಗೆ ನಾಲ್ಕು ಮಡಿಕೆ ಕೌದಿ, ಹೀಗೆ ಬಡಿದಾಗ ಶುರು ಮಾಡಿದ್ದೀರಾ ಅಂತ ಅಜ್ಜ ಮೆಟ್ಟಿಲ ಹತ್ತಿರ ಬಂದು ಕೇಳಿದರು. ಆಗಲೇ ಮೂರು ರೊಟ್ಟಿ ಮುಗಿದಿದ್ದವು.

ಊರಿನ ಹಿಟ್ಟು ಹರಿಯುತ್ತಿಲ್ಲ. ಬಾಗಲಕೋಟೆ ಅಕ್ಕಾ ಹೇಳಿದ ಹಾಗೆ ಕೈ ಕೆಳಗಿಟ್ಟೇ ಬಡಿಯುತ್ತೇನೆ. ನಾಲ್ಕು ಕಿಲೋ ಉಳಿದಿದೆ, ಫ್ರೀಜರಿನಲ್ಲಿದೆ. ಮಗ ಮೊದಲ ದಿನ ಮೇಜು ನೋಡಿ ಕುರ್ಚಿ ಎಲ್ಲಿಡಬೇಕು ಅಂತ ತಿಳಿಯದೆ ಸುತ್ತ ತಿರುಗಿದ. ಈಗ ಅವನಿಗೆ ಕಿಟಕಿ ಕಡೆಯ ಜಾಗ.

ಗೋಕಾಕದ ಹುಡುಗ

ಅಕ್ಕಾವ್ರೇ, ಇನ್ನು ಹನ್ನೆರಡು ದಿನಕ್ಕೆ ನಾವು ಹೊರಡುತ್ತೇವೆ. ಆ ಚಪ್ಪಟೆ ಹಂಚಿನ ಅಳತೆ ಎಷ್ಟು?

ಗುಮ್ಮಟದ ಊರವಳು

ತಳ 26 ಸೆಂಟಿಮೀಟರ್. ಕೊಳ್ಳುವಾಗ ಒಂದು ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಇಂಡಕ್ಷನ್‌ಗೆ ಆಗುತ್ತದೆ. ದೊಡ್ಡ ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿ ಇಡಿ. ನನ್ನದು ಎರಡೂವರೆ ಕಿಲೋ ತೂಗಿತು.